ನಗದೆ ಪಕ್ಕದಲ್ಲಿ ಕೂರುವ ಗೆಳೆಯ



ಇಂದಿನ ಸಮಾರಂಭಕ್ಕೆ ಹತ್ತನೇ ತರಗತಿ ಮುಗಿಸಿದವರನ್ನೆಲ್ಲ ಕರೆದಿದ್ದೇವೆ. ಎಂಟರಲ್ಲೋ ಒಂಬತ್ತರಲ್ಲೋ ಶಾಲೆ ಬಿಟ್ಟವರು ನಮ್ಮ ಪಟ್ಟಿಯಲ್ಲಿ ಇಲ್ಲ. ಕೆಲವರು ಬಡತನದಿಂದ ಬಿಟ್ಟರು, ಕೆಲವರು ಮದುವೆಯಾಗಿ ಹೋದರು. ಕೆಲವರು ಮಾತ್ರ ಸಹಪಾಠಿಗಳ ನಗುವಿಗೆ ಹೆದರಿ ಬಿಟ್ಟರು. ಅವರ ಬಗ್ಗೆ ಎರಡು ಮಾತು.

ಎಲ್ಲರಿಗೂ ಒಂದೇ ಸಮವಸ್ತ್ರ, ಒಂದೇ ಬಿಸಿಯೂಟ. ಆದರೂ ತರಗತಿಯೊಳಗೆ ಮೇಲುಕೀಳು ಹುಟ್ಟುತ್ತದೆ. ಯಾರ ಅಪ್ಪ ಕೂಲಿಗೆ ಹೋಗುತ್ತಾರೆ, ಯಾರು ಯಾವ ಕೇರಿಯವರು, ಯಾರು ಹಾಸ್ಟೆಲಿನವರು, ಯಾರು ತೊದಲುತ್ತಾರೆ, ಎಲ್ಲಕ್ಕೂ ಮಕ್ಕಳ ಬಳಿ ಲೆಕ್ಕವಿದೆ. ಅಡ್ಡಹೆಸರು ಈಗ ಮೊಬೈಲಿನ ಗುಂಪಿನಲ್ಲಿ ಮನೆಯವರೆಗೂ ಹಿಂಬಾಲಿಸುತ್ತದೆ. ಮಗು ಮನೆಯಲ್ಲಿ 'ಹೊಟ್ಟೆನೋವು' ಎನ್ನುತ್ತದೆ, ಶಾಲೆಯಲ್ಲಿ ಗೈರುಹಾಜರಿ ಬೀಳುತ್ತದೆ.

ಕೀಟಲೆಗೂ ಪೀಡನೆಗೂ ವ್ಯತ್ಯಾಸವಿದೆ. ಇದನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಡಾನ್ ಓಲ್ವೇಯಸ್ ಮೂರು ಗುರುತು ಹೇಳಿದರು: ಬೇಕೆಂದೇ ಮಾಡುವುದು, ಮತ್ತೆಮತ್ತೆ ಮಾಡುವುದು, ತಿರುಗಿ ನಿಲ್ಲಲಾರದವರಿಗೆ ಮಾಡುವುದು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಏನಾದರೂ ತೊಂದರೆ ಕೊಟ್ಟರೆ ಅದು ಯಾವುದರ ಬಲದಿಂದ ನಡೆಯುತ್ತಿದೆ ಎಂದು ಮೊದಲು ಹುಡುಕುತ್ತೇವೆ. ಇಲ್ಲಿ ಆ ಬಲ ಸುತ್ತ ನಿಂತು ನಗುವವರದು. ಕಾಡಿಸುವವನಿಗೆ ಬೇಕಿರುವುದು ಗೆಳೆಯರ ನಡುವೆ ದೊಡ್ಡವನೆನಿಸಿಕೊಳ್ಳುವುದು. ನಗುವವರಿಲ್ಲದಿದ್ದರೆ ಆ ದೊಡ್ಡತನವೂ ಇಲ್ಲ. ಕೆನಡಾದ ಶಾಲೆಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜೊತೆಯ ಮಗುವೊಂದು ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಕಾಟ 10 ಸೆಕೆಂಡಿನೊಳಗೆ ನಿಂತಿತ್ತು. ಫಿನ್ಲೆಂಡಿನ 'ಕಿವಾ' ಶಾಲಾ ಕಾರ್ಯಕ್ರಮವೂ ನೋಡುತ್ತ ನಿಲ್ಲುವ ಮಕ್ಕಳನ್ನೇ ನಂಬಿ ರೂಪುಗೊಂಡಿದೆ.

ಮಕ್ಕಳೇ, ನೀವು ಜಗಳಕ್ಕೆ ಇಳಿಯಬೇಕಿಲ್ಲ. ನಗಬೇಡಿ, ನೊಂದವರ ಪಕ್ಕದಲ್ಲಿ ಊಟಕ್ಕೆ ಕೂತುಕೊಳ್ಳಿ, ನಂಬುವ ಮೇಷ್ಟ್ರಿಗೋ ಟೀಚರಿಗೋ ತಿಳಿಸಿ. ಅದು ಚಾಡಿಯಲ್ಲ. ಹೇಳಲು ಯಾರೂ ಇಲ್ಲವೆನಿಸಿದರೆ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಗುರುಗಳೇ, ಕೂರುವ ಜಾಗ ಆಗಾಗ ಬದಲಿಸಿ. ನೊಂದ ಮಗುವನ್ನು ಎಲ್ಲರೆದುರು ನಿಲ್ಲಿಸಿ ವಿಚಾರಿಸದೆ, ಬೇರೆಯಾಗಿ ಕರೆದು ಕೇಳಿ.

ತಂದೆತಾಯಿಗಳೇ, ಅಂಕ ಕೇಳುವ ಮೊದಲು "ಇವತ್ತು ಯಾರ ಜೊತೆ ಊಟಕ್ಕೆ ಕೂತಿದ್ದೆ?" ಎಂದು ಕೇಳಿ. "ಯಾರೂ ಇರಲಿಲ್ಲ" ಎಂಬ ಉತ್ತರ ಬಂದರೆ ಮರುದಿನವೇ ಶಾಲೆಗೆ ಬನ್ನಿ.

ಮುಂದಿನ ಸಮಾರಂಭದ ಪಟ್ಟಿಯಲ್ಲಿ ನಗುವಿಗೆ ಹೆದರಿ ಹೋದ ಒಂದು ಹೆಸರೂ ಬಿಟ್ಟುಹೋಗದಿರಲಿ.