ಏಪ್ರಿಲ್ ತಿಂಗಳ ಹಳ್ಳವನ್ನು ಅಳೆಯೋಣ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನಡೆದ ಜಲ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನ ಯಾವ ಗ್ರಾಮಸಭೆಗೆ ಹೋದರೂ ಕೇಳಿಬರುವ ಅಹವಾಲುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಧರೆ ಕುಸಿದು ರಸ್ತೆ ಮುಚ್ಚಿದೆ, ಕಾಲುಸಂಕ ಕೊಚ್ಚಿಹೋಗಿದೆ, ಮಂಗಗಳು ತೋಟವನ್ನು ಉಳಿಸುತ್ತಿಲ್ಲ, ವಿದ್ಯುತ್ ಇಲ್ಲ, ನಳದಲ್ಲಿ ನೀರು ಬರುತ್ತಿಲ್ಲ. ಇವುಗಳಲ್ಲಿ ಕೊನೆಯ ಅಹವಾಲನ್ನು ಮಾತ್ರ ಇಂದು ನಾನು ಎತ್ತಿಕೊಳ್ಳುತ್ತೇನೆ. ಏಕೆಂದರೆ ಈ ಒಂದು ಅಹವಾಲಿನಲ್ಲಿ ನಮ್ಮ ಮನೆಯ ಸಂಕಟವೂ ಇದೆ, ನಮ್ಮ ನದಿಗಳ ಭವಿಷ್ಯವೂ ಇದೆ.

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆಯಾಗುತ್ತದೆ. ಶಿರಸಿಯ ಸುತ್ತಮುತ್ತ ಸುಮಾರು 2,500 ಮಿಲಿಮೀಟರ್ ಎಂದು ಹಿಡಿಯೋಣ. ಆ ಲೆಕ್ಕದಲ್ಲಿ ಒಂದು ಎಕರೆ ನೆಲದ ಮೇಲೆ ವರ್ಷಕ್ಕೆ ಬೀಳುವ ನೀರು ಒಂದು ಕೋಟಿ ಲೀಟರು. ಹೀಗಿದ್ದೂ ಏಪ್ರಿಲ್ ಬಂತೆಂದರೆ ಘಟ್ಟದ ಮೇಲಿನ ಎಷ್ಟೋ ಊರುಗಳಿಗೆ ಪಂಚಾಯಿತಿಯ ಟ್ಯಾಂಕರ್ ಬರಬೇಕಾಗಿದೆ. ಬಾವಿಯ ತಳದಲ್ಲಿ ಊರುವ ನೀರಿಗಾಗಿ ನಮ್ಮ ಹೆಣ್ಣುಮಕ್ಕಳು ಬೆಳಗಿನ ಜಾವ ಎದ್ದು ಕಾಯಬೇಕಾಗಿದೆ. ಕೋಟಿ ಲೀಟರು ಬಿದ್ದ ನೆಲದಲ್ಲಿ ಕೊಡ ನೀರಿಗೆ ಬರ ಬಂದುದು ಹೇಗೆ? ಮಳೆ ಕಡಿಮೆಯಾಯಿತು ಎಂಬ ಉತ್ತರ ಸುಲಭದ್ದು, ಆದರೆ ಅದು ಪೂರ್ಣ ಉತ್ತರವಲ್ಲ.

ನೀರು ನಿಲ್ಲುವ ಜಾಗ

ನಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದುಹೋಗುತ್ತದೆ. ಉಳಿದ ಎಂಟು ತಿಂಗಳು ನಾವು ಬದುಕುವುದು ಬೆಟ್ಟವು ಹಿಡಿದಿಟ್ಟುಕೊಂಡ ನೀರಿನಿಂದ. ಮರದ ಎಲೆಗಳು ಹನಿಯ ಹೊಡೆತವನ್ನು ತಗ್ಗಿಸುತ್ತವೆ. ಕೆಳಗೆ ಬಿದ್ದ ದರಕು ನೀರನ್ನು ತಡೆದು ನಿಲ್ಲಿಸುತ್ತದೆ. ಬೇರುಗಳು ಬಿಟ್ಟ ಜಾಡು ಹಿಡಿದು ಅದು ಜಂಬಿಟ್ಟಿಗೆಯ ಪದರಕ್ಕೆ ಇಳಿದು, ತಿಂಗಳುಗಳ ತರುವಾಯ ಕಣಿವೆಯಲ್ಲಿ ಒರತೆಯಾಗಿ ಕಾಣಿಸಿಕೊಳ್ಳುತ್ತದೆ. ನಮ್ಮ ಹಿರಿಯರು ಕಾನು, ಬೆಟ್ಟ, ಬೇಣ, ತೋಟ, ಗದ್ದೆ ಎಂದು ನೆಲವನ್ನು ಹೆಸರಿಟ್ಟು ಕರೆದದ್ದು ಬರಿಯ ಆಸ್ತಿಯ ವಿಂಗಡಣೆಯಾಗಿರಲಿಲ್ಲ. ಮೇಲಿನಿಂದ ಕೆಳಕ್ಕೆ ನೀರು ಇಳಿಯುವ ಕ್ರಮವೂ ಅದೇ ಆಗಿತ್ತು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕಾಡು ಮತ್ತು ಹಳ್ಳ ಎಂಬ ಎರಡು ಬೇರೆ ವಸ್ತುಗಳೇ ಇಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉತ್ತರ ಕನ್ನಡದ ಜಲಾನಯನಗಳಲ್ಲಿ ನಡೆಸಿದ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಸ್ಥಳೀಯ ಜಾತಿಯ ಮರಗಳ ಕಾಡು ಶೇಕಡಾ 60ಕ್ಕಿಂತ ಹೆಚ್ಚಿರುವ ಕಡೆ ಹಳ್ಳಗಳು ವರ್ಷವಿಡೀ ಹರಿಯುತ್ತವೆ. ಕಾಡು ಕರಗಿ, ಒಂದೇ ಜಾತಿಯ ನೆಡುತೋಪುಗಳು ಎದ್ದಿರುವ ಕಡೆ ಮಳೆಗಾಲ ಮುಗಿದ ಕೆಲವೇ ತಿಂಗಳಲ್ಲಿ ಹರಿವು ನಿಲ್ಲುತ್ತದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗ ಈ ಅಂಕಿಗಳು ಅವರ ಕೈಯಲ್ಲಿರಲಿಲ್ಲ. ಆದರೆ ಕಾಡು ಹೋದರೆ ಹಳ್ಳ ಹೋಗುತ್ತದೆ ಎಂಬುದು ಅವರ ಅನುಭವಕ್ಕೆ ಬಂದಿತ್ತು.

ಹೆಚ್ಚುವರಿ ನೀರೆಂಬ ಮಾತು

ಈಗ ಇನ್ನೊಂದು ಕಡೆಗೆ ನೋಡೋಣ. 2019ರಲ್ಲಿ ಶರಾವತಿಯ ನೀರನ್ನು ಲಿಂಗನಮಕ್ಕಿಯಿಂದ ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಿತು. ಜಿಲ್ಲೆಗೆ ಜಿಲ್ಲೆಯೇ ಎದ್ದುನಿಂತು ಅದನ್ನು ವಿರೋಧಿಸಿತು. ಬೇಡ್ತಿ ಮತ್ತು ವರದಾ ನದಿಗಳನ್ನು ಜೋಡಿಸುವ ಯೋಜನೆಯ ಮಾತೂ ಮತ್ತೆ ಮತ್ತೆ ಎದ್ದಿದೆ. ಇಂಥ ಯೋಜನೆಗಳ ಹಿಂದಿರುವ ವಾದ ಒಂದೇ: ಪಶ್ಚಿಮಕ್ಕೆ ಹರಿಯುವ ನದಿಗಳ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ, ಅದು ಹೆಚ್ಚುವರಿ ನೀರು.

ಸಮುದ್ರ ಸೇರುವ ನೀರು ವ್ಯರ್ಥವಲ್ಲ ಎಂಬುದನ್ನು ಅಘನಾಶಿನಿಯ ಅಳಿವೆಯ ಜನ ಬಲ್ಲರು. ಸಿಹಿನೀರು ಉಪ್ಪುನೀರು ಬೆರೆಯುವಲ್ಲಿಯೇ ಅವರ ಮೀನು, ಅವರ ಬಳಚು, ಗಜನಿಯ ಕಗ್ಗ ಭತ್ತ. ಅದಿರಲಿ, ಹೆಚ್ಚುವರಿ ಎಂಬ ಲೆಕ್ಕವಾದರೂ ಹೇಗೆ ಹುಟ್ಟುತ್ತದೆ? ಜುಲೈ ತಿಂಗಳ ನೆರೆಯನ್ನೂ ಏಪ್ರಿಲ್ ತಿಂಗಳ ಒಣ ಕಲ್ಲುಗಳನ್ನೂ ಕೂಡಿಸಿ ವರ್ಷದ ಮೊತ್ತ ತೆಗೆದಾಗ ಹುಟ್ಟುತ್ತದೆ. ಆ ಮೊತ್ತದಲ್ಲಿ ನಮ್ಮ ಬೇಸಿಗೆ ಕಾಣಿಸುವುದಿಲ್ಲ. ದೊಡ್ಡ ನದಿಗಳ ಮೇಲೆ ಮಾಪನ ಕೇಂದ್ರಗಳಿರುತ್ತವೆ. ನಮ್ಮ ಮನೆಯ ಹಿಂದಿನ ಹಳ್ಳವನ್ನು ಅಳೆಯುವವರು ಯಾರೂ ಇಲ್ಲ. ಅಳೆಯದ ಹಳ್ಳ ಬತ್ತಿದರೆ ಅದು ಯಾವ ದಾಖಲೆಯಲ್ಲಿಯೂ ಬತ್ತಿದಂತಾಗುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೇ. ನಮ್ಮ ಹಳ್ಳವನ್ನು ನಾವೇ ಅಳೆಯೋಣ.

ಅಳೆಯುವ ಬಗೆ

ಇದಕ್ಕೆ ಬೆಲೆಬಾಳುವ ಉಪಕರಣ ಬೇಡ. ಹಳ್ಳ ನೇರವಾಗಿ ಹರಿಯುವ ಕಡೆ ಹತ್ತು ಮೀಟರ್ ಉದ್ದವನ್ನು ಗುರುತಿಸಿ. ಒಂದು ಒಣ ಅಡಿಕೆಕಾಯಿಯನ್ನೋ ಮರದ ತುಂಡನ್ನೋ ತೇಲಿಬಿಟ್ಟು, ಅದು ಆ ದೂರವನ್ನು ದಾಟಲು ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆ ನೋಡಿ. ಅಗಲವನ್ನೂ ಸರಾಸರಿ ಆಳವನ್ನೂ ಅಳೆಯಿರಿ. ಒಂದು ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಆಳದ ಹಳ್ಳದಲ್ಲಿ ತುಂಡು ಇಪ್ಪತ್ತು ಸೆಕೆಂಡಿಗೆ ಹತ್ತು ಮೀಟರ್ ಹೋದರೆ ಸೆಕೆಂಡಿಗೆ 50 ಲೀಟರು. ಮೇಲ್ಮೈಯ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ ಐದರಲ್ಲೊಂದು ಭಾಗ ಕಳೆಯಿರಿ, 40 ಲೀಟರು ಉಳಿಯುತ್ತದೆ. ಹರಿವು ಸಣ್ಣದಾದ ಮೇಲೆ ದಬ್ಬೆ ಇಟ್ಟು ನೀರನ್ನು ಬಕೆಟ್ಟಿಗೆ ಹಿಡಿದರೆ ಸಾಕು. ಇಪ್ಪತ್ತು ಲೀಟರಿನ ಬಕೆಟ್ಟು ನಲವತ್ತು ಸೆಕೆಂಡಿಗೆ ತುಂಬಿದರೆ ಹರಿವು ಸೆಕೆಂಡಿಗೆ ಅರ್ಧ ಲೀಟರು.

ಅರ್ಧ ಲೀಟರು ಎಂದರೆ ಏನೂ ಅಲ್ಲವೆನಿಸಬಹುದು. ಲೆಕ್ಕ ಮಾಡಿ ನೋಡಿ. ದಿನಕ್ಕೆ 43,200 ಲೀಟರಾಯಿತು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರು ಎಂದು ನಿಗದಿ ಮಾಡಿದೆ. ಆ ಪ್ರಕಾರ ಈ ಸಣ್ಣ ಹಳ್ಳ 785 ಜನರ ನಿತ್ಯದ ನೀರು. ಮನೆಮನೆಗೆ ನಳ ಬಂದಿದೆ, ಸಂತೋಷ. ಆದರೆ ನಳಕ್ಕೆ ಮೂಲವಾದ ಹಳ್ಳವನ್ನೋ ಕೆರೆಯನ್ನೋ ಉಳಿಸದಿದ್ದರೆ ಕೊಳವೆ ಮಾತ್ರ ಉಳಿದೀತು.

ಇದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಮಾಡಬೇಕು. ಅದು ನಮಗೆ ಅಷ್ಟು ಹಿತವಾದುದಲ್ಲ. ಹನಿ ನೀರಾವರಿಯಲ್ಲಿಯೂ ಒಂದು ಅಡಿಕೆ ಮರಕ್ಕೆ ದಿನಕ್ಕೆ ಹದಿನಾರರಿಂದ ಇಪ್ಪತ್ತು ಲೀಟರು ನೀರು ಬೇಕೆನ್ನುತ್ತಾರೆ. ಎಕರೆಗೆ 550 ಮರ, ಮರಕ್ಕೆ ಹದಿನಾರೇ ಲೀಟರು ಎಂದರೂ ದಿನಕ್ಕೆ 8,800 ಲೀಟರು. ಅಂದರೆ 785 ಜನ ಕುಡಿದು ಬಳಸಬಹುದಾದ ಹಳ್ಳವನ್ನು ಐದು ಎಕರೆ ತೋಟ ಮುಗಿಸುತ್ತದೆ. ಹಿಂದೆ ತೋಟ ಕಣಿವೆಯ ತಂಪಿನಲ್ಲಿ ಇರುತ್ತಿತ್ತು. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ದೊರೆತದ್ದು ಆ ತಂಪನ್ನು ಕಾಯುವ ಹೊಣೆಯೊಡನೆ. ಈಗ ತೋಟ ಗದ್ದೆಗೆ ಇಳಿದಿದೆ, ಬೇಣಕ್ಕೆ ಏರಿದೆ, ಹಲವೆಡೆ ಬೆಟ್ಟವೇ ಬೋಳಾಗಿದೆ. ಅದಕ್ಕೆ ನೀರುಣಿಸಲು ಹಳ್ಳಕ್ಕೆ ಪಂಪು, ಪಂಪು ಸೋತಲ್ಲಿ ಕೊಳವೆಬಾವಿ. ಬೆಂಗಳೂರಿಗೆ ನೀರು ಕೊಡೆವು ಎನ್ನುವ ನಾವು ಕೆಳಗಿನ ಕೇರಿಗೆ ನೀರು ಬಿಡುತ್ತಿದ್ದೇವೆಯೇ ಎಂಬ ಪ್ರಶ್ನೆಗೆ ಉತ್ತರಿಸಲೇಬೇಕು. ಇಲ್ಲದಿದ್ದರೆ ನಮ್ಮ ಪ್ರತಿಭಟನೆಗೆ ಬಲ ಬಾರದು.

ಮಾಡಬೇಕಾದುದು

ವಿದ್ಯಾರ್ಥಿಗಳು ಜನವರಿಯಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ, ಒಂದೇ ಜಾಗದಲ್ಲಿ, ಬೆಳಗಿನ ಒಂದೇ ಹೊತ್ತಿನಲ್ಲಿ ಅಳೆಯಲಿ. ಹರಿವು ನಿಂತ ದಿನವನ್ನು ತಪ್ಪದೆ ಬರೆದಿಡಲಿ. ಆ ಹಳ್ಳ ಹಿಂದೆ ಯಾವ ಹಬ್ಬದವರೆಗೆ ಹರಿಯುತ್ತಿತ್ತು ಎಂದು ಊರಿನ ಅಜ್ಜಿಯರನ್ನು ಕೇಳಲಿ. ಶಿವರಾತ್ರಿಯೋ, ಯುಗಾದಿಯೋ, ವರ್ಷವಿಡೀಯೋ? ಅದೂ ದಾಖಲೆಯೇ.

ಹಿರಿಯರು ಈ ದಾಖಲೆಯನ್ನು ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಗೆ ಸೇರಿಸಬೇಕು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಇಡಬೇಕು. ಹಳ್ಳ, ಒರತೆ, ಜಡ್ಡಿಗಳ ವಿವರ ಅದರಲ್ಲಿ ಬರಲಿ. ನಾಳೆ ಯಾವುದೇ ಯೋಜನೆಯ ಅಹವಾಲು ಸಭೆ ನಡೆದಾಗ ಐದು ವರ್ಷದ ಅಳತೆಯ ಪುಸ್ತಕವನ್ನು ಮೇಜಿನ ಮೇಲೆ ಇಡಬಲ್ಲ ಊರಿನ ಮಾತೇ ಬೇರೆ.

ಹಳ್ಳಕ್ಕೆ ಕಟ್ಟ ಹಾಕುವ ಪದ್ಧತಿಯನ್ನು ಮರಳಿ ತರೋಣ. ಹರಿವು ಇನ್ನೂ ಇರುವ ಡಿಸೆಂಬರ್‌ನಲ್ಲಿಯೇ ಹಾಕೋಣ. ಬೇಸಿಗೆಯಲ್ಲಿ ಪಂಪು ನಡೆಸುವ ಹೊತ್ತನ್ನು ಮೇಲಿನವರೂ ಕೆಳಗಿನವರೂ ಕೂತು ಗೊತ್ತುಮಾಡಿಕೊಳ್ಳೋಣ. ಬೆಟ್ಟದಲ್ಲಿ ದರಕನ್ನು ಪೂರ್ತಿ ಗುಡಿಸದೆ ಒಂದಿಷ್ಟು ನೆಲಕ್ಕೆ ಬಿಡೋಣ. ಒಂದು ಎಚ್ಚರಿಕೆಯ ಮಾತೂ ಇದೆ. ಇಂಗುಗುಂಡಿ ಒಳ್ಳೆಯದೆಂದು ಎಲ್ಲೆಂದರಲ್ಲಿ ತೋಡಬಾರದು. ಮಣ್ಣು ದಪ್ಪನಾಗಿರುವ ಕಡಿದಾದ ಇಳಿಜಾರಿನಲ್ಲಿ ನೀರು ತುಂಬಿ ನಿಂತರೆ ಗುಡ್ಡವೇ ಜಾರಬಹುದು. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ಮನೆ, ತೋಟಗಳು ಹೋದುದನ್ನು ಕಂಡಿದ್ದೇವೆ. ಅಂಥ ಕಡೆ ಗುಂಡಿಗಿಂತ ಮರವೇ ಲೇಸು. ಅದೂ ನೇರಳೆ, ಮತ್ತಿ, ಹೊನ್ನೆಗಳಂಥ ನಮ್ಮದೇ ಮರ.

ನೀರನ್ನು ಬೇಡುವ ಊರಾಗಿ ಗ್ರಾಮಸಭೆಗೆ ಹೋದರೆ ಟ್ಯಾಂಕರ್ ದೊರೆಯುತ್ತದೆ. ನೀರನ್ನು ಬಲ್ಲ ಊರಾಗಿ ಹೋದರೆ ಹಳ್ಳ ಉಳಿಯುತ್ತದೆ. ಬರುವ ಜನವರಿಯ ಮೊದಲ ಭಾನುವಾರ ನಿಮ್ಮ ನಿಮ್ಮ ಊರಿನಲ್ಲಿ ಮೊದಲ ಅಳತೆ ನಡೆಯಲಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.