ಗಾಜಿನ ಗೋಪುರದೊಳಗೆ ಒಂದು ಉಡುಪು



ಫ್ಯಾಷನ್ ಷೋ ಎಂದೊಡನೆ ನಿಮ್ಮಲ್ಲಿ ಹಲವರು ನಕ್ಕುಬಿಡಬಹುದು. ಯಾರೂ ತೊಡಲಾರದ ಬಟ್ಟೆ, ಯಾರೂ ನಡೆಯದ ನಡಿಗೆ! ಆ ನಗುವಿನಲ್ಲಿ ತಪ್ಪೇನೂ ಇಲ್ಲ. ಆದರೆ ಉಡುಪಿನ ಪ್ರದರ್ಶನವೂ ಒಮ್ಮೊಮ್ಮೆ ಒಳ್ಳೆಯ ನಾಟಕವಾಗುವುದುಂಟು. ಅಂಥ ಒಂದನ್ನು ನಿಮ್ಮ ಮುಂದಿಡುತ್ತೇನೆ.

ಅಲೆಕ್ಸಾಂಡರ್ ಮೆಕ್ವೀನ್ ಲಂಡನ್ನಿನ ಟ್ಯಾಕ್ಸಿ ಚಾಲಕರೊಬ್ಬರ ಮಗ. ಶಾಲೆ ಬಿಟ್ಟು, ಸೂಟು ಹೊಲಿಯುವ ಅಂಗಡಿಯಲ್ಲಿ ಕತ್ತರಿ ಹಿಡಿಯಲು ಕಲಿತವರು. 1996ರಲ್ಲಿ ಪ್ಯಾರಿಸ್ಸಿನ ಜಿವಾಂಶಿ ಸಂಸ್ಥೆ ಅವರನ್ನು ಕರೆಸಿಕೊಂಡಿತು. ಅಲ್ಲಿ ತಯಾರಾಗುತ್ತಿದ್ದುದು ‘ಓತ್ ಕುತೂರ್’, ಅಂದರೆ ಒಬ್ಬೊಬ್ಬರ ಅಳತೆಗೆ ಬಹುಪಾಲು ಕೈಯಲ್ಲೇ ಹೊಲಿಯುವ ದುಬಾರಿ ಉಡುಪು. ಆ ಹೆಸರು ಬಳಸಲು ಫ್ರಾನ್ಸಿನಲ್ಲಿ ಕಾನೂನಿನ ಮನ್ನಣೆಯೇ ಬೇಕು. ನಾನು ಹೇಳಹೊರಟ ಪ್ರದರ್ಶನ ಅದಲ್ಲ. ಮುಂದೆ ಅವರು ತಮ್ಮ ಸ್ವಂತ ಹೆಸರಿನಲ್ಲಿ ನಡೆಸಿದ್ದು. ನಿಯಮದ ಪ್ರಕಾರ ಸಿದ್ಧ ಉಡುಪಿನದು. ಪ್ರೇಕ್ಷಕರಿಗೆ ನಿಯಮದ ಗೊಡವೆ ಏಕೆ?

2006ರ ಮಾರ್ಚ್, ಪ್ಯಾರಿಸ್. ವಸ್ತು: ಸ್ಕಾಟ್ಲೆಂಡಿನ ಕಲೋಡನ್‌ನಲ್ಲಿ 1746ರಲ್ಲಿ ನಡೆದ ಯುದ್ಧದ ವಿಧವೆಯರು. ರೂಪದರ್ಶಿಗಳೆಲ್ಲ ಒಳಗೆ ಹೋದರು. ದೀಪ ಆರಿತು. ವೇದಿಕೆಯ ನಡುವಿನ ಗಾಜಿನ ಗೋಪುರದಲ್ಲಿ ಹೊಗೆಯಂಥ ಬಿಳುಪು ಮೂಡಿ, ಸುರುಳಿಯಾಗಿ, ಹೆಣ್ಣಾಯಿತು. ಆರ್ಗಂಜಾ ಬಟ್ಟೆಯ ಅಂಚುಗಳು ನೀರಿನಲ್ಲಿದ್ದಂತೆ ನಿಧಾನವಾಗಿ ಅಲೆಯಾಡಿದವು. ಆಮೇಲೆ ಆಕೆ ಕುಗ್ಗುತ್ತ ಕುಗ್ಗುತ್ತ ಒಂದು ಬೆಳಕಿನ ಚುಕ್ಕೆಯಾಗಿ ಮಾಯವಾದಳು. ಒಳಗೆ ಯಾರೂ ಇರಲಿಲ್ಲ.

ರಾತ್ರಿ ಬಸ್ಸಿನ ಕಿಟಕಿಯಾಚೆ, ಕತ್ತಲ ಹೊಲದ ಮೇಲೆ ನಿಮ್ಮದೇ ಮುಖ ತೇಲುವುದನ್ನು ಕಂಡಿದ್ದೀರಲ್ಲವೇ? ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜು ನೂರಕ್ಕೆ ಸುಮಾರು 8 ಭಾಗವನ್ನಷ್ಟೇ ಹಿಂದಿರುಗಿಸುತ್ತದೆ. ಆಚೆ ಕತ್ತಲಿದ್ದರೆ ಅಷ್ಟೇ ಸಾಕು. 1862ರಲ್ಲಿ ಲಂಡನ್ನಿನ ಪ್ರೊಫೆಸರ್ ಪೆಪ್ಪರ್ ವೇದಿಕೆಯ ಮೇಲೆ ಓರೆಯಾಗಿ ಗಾಜು ನಿಲ್ಲಿಸಿ, ಮರೆಯಲ್ಲಿದ್ದ ನಟನ ಮೇಲೆ ಪ್ರಖರ ಬೆಳಕು ಬಿಟ್ಟು ‘ದೆವ್ವ’ವನ್ನು ತೋರಿಸಿದ್ದರು. ಮೆಕ್ವೀನ್ ತಂಡ ನಟನ ಬದಲು ಚಲನಚಿತ್ರವನ್ನು ಬಳಸಿತು. ಇದನ್ನು ಹಾಲೊಗ್ರಾಂ ಎಂದು ಬರೆದವರೇ ಹೆಚ್ಚು. ಅದು ಸರಿಯಲ್ಲ, ಹಾಲೊಗ್ರಾಂ ದಾಖಲಾಗುವುದು ಬೆಳಕಿನ ಅಲೆಗಳ ವ್ಯತಿಕರಣದಿಂದ. ಅಂದಹಾಗೆ, ವಾರ್ತೆ ಓದುವವರು ನಿಮ್ಮನ್ನೇ ನೋಡುತ್ತ ಓದುವುದೂ ಇದೇ ಉಪಾಯದಿಂದ: ಕ್ಯಾಮರಾದ ಮುಂದೆ ಓರೆ ಗಾಜು, ಅದರಲ್ಲಿ ಅಕ್ಷರಗಳ ಪ್ರತಿಬಿಂಬ.

ಉಪಾಯ ಹಳೆಯದು. ಆದರೆ ಚಿತ್ರದಲ್ಲಿದ್ದಾಕೆ ಕೇಟ್ ಮಾಸ್. 2005ರ ಸೆಪ್ಟೆಂಬರಿನಲ್ಲಿ ಮಾದಕ ವಸ್ತುವಿನ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಕೆಲವು ಕಂಪನಿಗಳು ಅವರನ್ನು ಕೈಬಿಟ್ಟಿದ್ದವು. ಮರುತಿಂಗಳೇ ಮೆಕ್ವೀನ್, ‘ಕೇಟ್, ನೀನೆಂದರೆ ನಮಗೆ ಪ್ರೀತಿ’ ಎಂಬರ್ಥದ ಬರಹವಿದ್ದ ಅಂಗಿ ತೊಟ್ಟು ವೇದಿಕೆಗೆ ಬಂದಿದ್ದರು. ಗಾಜಿನ ಗೋಪುರ ಅದರ ಮುಂದಿನ ಮಾತು. ಬರೀ ಚಮತ್ಕಾರವಾಗಿದ್ದರೆ ಇದನ್ನು ನಿಮಗೆ ಹೇಳುತ್ತಲೇ ಇರಲಿಲ್ಲ.

ಮೆಕ್ವೀನ್ 2010ರಲ್ಲಿ ತೀರಿಕೊಂಡರು. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅವರ ಉಡುಪುಗಳನ್ನು ನೋಡಲು ಆರೂವರೆ ಲಕ್ಷಕ್ಕೂ ಹೆಚ್ಚು ಜನ ಬಂದರು. ಆ ಗಾಜಿನ ದೃಶ್ಯವೂ ಅಲ್ಲಿ ಪುಟ್ಟ ಗಾತ್ರದಲ್ಲಿ ಮತ್ತೆ ಮತ್ತೆ ಮೂಡಿ ಮರೆಯಾಗುತ್ತಿತ್ತು.