ಪೈಲಟ್ ಲೈಸೆನ್ಸ್: ಯಾವಾಗ ರದ್ದು, ಯಾವಾಗ ತಿದ್ದು?



ಹಬ್ಬಕ್ಕೋ ಮದುವೆಗೋ ಊರಿಗೆ ಹೋಗಲು ಮೀನಂಬಾಕಂನಲ್ಲಿ ವಿಮಾನ ಹತ್ತುವವರು ನಮ್ಮಲ್ಲಿ ಬಹಳ ಮಂದಿ. ಹತ್ತಿ ಕುಳಿತ ಮೇಲೆ ನಮ್ಮ ಜೀವ, ಮುಖವನ್ನೂ ಕಾಣದ ಇಬ್ಬರ ಕೈಯಲ್ಲಿ. ಅವರು ತಪ್ಪು ಮಾಡಿದರೆ ಲೈಸೆನ್ಸ್ ಯಾವಾಗ ಅಮಾನತು ಮಾಡಬೇಕು, ಯಾವಾಗ ರದ್ದು ಮಾಡಬೇಕು?

ಕೆಲವು ತಪ್ಪುಗಳಿಗೆ ಕ್ಷಮೆ ಸಲ್ಲದು. 2011ರಲ್ಲಿ ಕೆಲವರು ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದದ್ದು ಬಯಲಾಯಿತು. ಅಂಥ ಲೈಸೆನ್ಸ್ ರದ್ದಾಗಲೇಬೇಕು. ಕುಡಿದು ಬಂದವರಿಗೂ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ನಿಯಮವಿದೆ: ಹಾರಾಟಕ್ಕೆ ಮುಂಚಿನ ಉಸಿರು ಪರೀಕ್ಷೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ 3 ತಿಂಗಳು ಅಮಾನತು, ಎರಡನೇ ಸಲ 3 ವರ್ಷ, ಮೂರನೇ ಸಲ ರದ್ದು. 2018ರಲ್ಲಿ ಏರ್ ಇಂಡಿಯಾದ ಕಾರ್ಯಾಚರಣೆ ನಿರ್ದೇಶಕರಿಗೇ 3 ವರ್ಷದ ಅಮಾನತಾಯಿತು. ಹುದ್ದೆ ನೋಡದೆ ಮಾಡಿದ್ದು ಸರಿ.

ಆದರೆ ಎಲ್ಲ ತಪ್ಪೂ ಇಂಥದ್ದಲ್ಲ. 2010ರ ಮೇ 22 ನಮಗೆಲ್ಲ ನೆನಪಿದೆ. ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಮಂದಿ ತೀರಿಕೊಂಡರು. ಉಳಿದವರು 8 ಮಂದಿ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು ಎಂದು ತನಿಖಾ ವರದಿ ಹೇಳಿತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ 3 ಸಲ ಎಚ್ಚರಿಸಿದರು. ಆದರೆ ವಿಮಾನವನ್ನು ತಮ್ಮ ಹತೋಟಿಗೆ ತೆಗೆದುಕೊಳ್ಳಲಿಲ್ಲ. ಆ ಅಧಿಕಾರ ಕೊಡುವ ಸೂಚನೆಗಳೇ ಗೊಂದಲದಲ್ಲಿದ್ದದ್ದು ಇದಕ್ಕೆ ಕಾರಣವಿರಬಹುದು ಎಂದಿತು ವರದಿ.

ಇಬ್ಬರೂ ತೀರಿಕೊಂಡರು. ಇನ್ನು ಯಾರ ಲೈಸೆನ್ಸ್ ರದ್ದು ಮಾಡುವುದು?

ಲೋಟ ಒಡೆದೆ ಎಂದು ತಾನಾಗಿ ಬಂದು ಹೇಳಿದ ಮಗುವಿಗೆ ಹೊಡೆದು ನೋಡಿ. ಮುಂದಿನ ಸಲ ಅದು ಗಾಜಿನ ಚೂರುಗಳನ್ನು ಮಂಚದ ಕೆಳಗೆ ತಳ್ಳುತ್ತದೆ. ಕಾಲು ಕುಯ್ಯುವುದು ಇನ್ನೊಬ್ಬರದು. ಪೈಲಟ್‌ಗಳೂ ಮನುಷ್ಯರೇ. "ನನಗೆ ದಣಿವಾಗಿದೆ, ಇವತ್ತು ಹಾರಿಸಲಾರೆ" ಎಂದವರಿಗೆ, "ನನ್ನಿಂದ ತಪ್ಪಾಯಿತು" ಎಂದು ಒಪ್ಪಿಕೊಂಡವರಿಗೆ, ಹಿರಿಯರ ತಪ್ಪನ್ನು ತಡೆದ ಕಿರಿಯರಿಗೆ ಶಿಕ್ಷೆಯ ಭಯ ಇರಬಾರದು. ಅವರಿಗೆ ಬೇಕಾದದ್ದು ವಿಶ್ರಾಂತಿ, ಮರುತರಬೇತಿ, ಬೆಂಬಲ.

ಮೋಸಕ್ಕೆ, ಗೊತ್ತಿದ್ದೂ ಮಾಡಿದ ಉಡಾಫೆಗೆ, ಮುಚ್ಚಿಟ್ಟ ತಪ್ಪಿಗೆ ಲೈಸೆನ್ಸ್ ಹೋಗಲಿ. ತಾನಾಗಿ ಹೇಳಿದ ತಪ್ಪಿಗೆ ಕಲಿಯುವ ಅವಕಾಶ ಸಿಗಲಿ. ಪ್ರಯಾಣಿಕರಾಗಿ ನಾವು ಕೇಳಬೇಕಾದದ್ದು ಇದನ್ನೇ.